ಫೋನಿನ ಲೋಲಕ, ಮನೆಯ ಲೋಲಕ

ಮಕ್ಕಳೇ, ಒಂದು ದಾರ ಮತ್ತು ಒಂದು ಕಲ್ಲು ನಿಮ್ಮ ಮನೆಯಲ್ಲಿ ಸಿಗುತ್ತವೆಯೇ? ಸಿಕ್ಕೇ ಸಿಗುತ್ತವೆ. ಕಲ್ಲನ್ನು ದಾರದ ಒಂದು ತುದಿಗೆ ಭದ್ರವಾಗಿ ಕಟ್ಟಿ. ಇನ್ನೊಂದು ತುದಿಯನ್ನು ಬಾಗಿಲ ಮೇಲೆ ತೋರಣ ಕಟ್ಟುವ ಮೊಳೆಗೆ ಕಟ್ಟಿ ಇಳಿಬಿಡಿ. ಈಗ ಕಲ್ಲನ್ನು ಸ್ವಲ್ಪ ಪಕ್ಕಕ್ಕೆ ಎಳೆದು ಬಿಡಿ. ಅದು ಅತ್ತಿಂದಿತ್ತ, ಇತ್ತಿಂದತ್ತ ತೂಗಾಡುತ್ತದೆ. ಇದೇ ಸರಳ ಲೋಲಕ. ತೂಗಾಡುವ ಕಲ್ಲಿಗೆ ಲೋಲಕದ ಗುಂಡು ಎನ್ನುತ್ತಾರೆ. ಗುಂಡು ಒಂದು ಕೊನೆಯಿಂದ ಹೊರಟು, ಇನ್ನೊಂದು ಕೊನೆಯನ್ನು ಮುಟ್ಟಿ, ಹೊರಟ ಜಾಗಕ್ಕೆ ಮರಳಿದರೆ ಅದು ಒಂದು ಆಂದೋಲನ. ಒಂದು ಆಂದೋಲನಕ್ಕೆ ಹಿಡಿಯುವ ಸಮಯವೇ ಆಂದೋಲನಾವಧಿ.

ಇದೇ ಲೋಲಕ ಈಗ ಫೋನಿನೊಳಗೂ ಸಿಗುತ್ತದೆ. ಅದಕ್ಕೆ ಹಣ ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಮನೆಯಲ್ಲಿ ಕುಳಿತು ಕಲಿಯುವ ಮಕ್ಕಳಿಗೆ ಉಪಯೋಗವಾಗುವ ಇಂಥ ಉಚಿತ ಸಾಮಗ್ರಿ ಅಂತರ್ಜಾಲದಲ್ಲಿ ರಾಶಿ ರಾಶಿಯಾಗಿದೆ. ರಾಶಿಯ ಮುಂದೆ ನಿಂತರೆ ಯಾವುದನ್ನು ಎತ್ತಿಕೊಳ್ಳಬೇಕು ಎಂದೇ ತಿಳಿಯುವುದಿಲ್ಲ. ಆದ್ದರಿಂದ ಈ ಸಲ ಉದ್ದನೆಯ ಪಟ್ಟಿ ಕೊಡುವುದಿಲ್ಲ. ಒಂದನ್ನು ಕೈಗೆತ್ತಿಕೊಂಡು, ಅದನ್ನು ಬಳಸುವುದು ಹೇಗೆ ಎಂದು ನಿಧಾನವಾಗಿ ನೋಡೋಣ.

ಅಳಿಸಿ ಬರೆದ ಅಂಕಿ

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದವು. ನಿಮ್ಮಲ್ಲಿ ಹಲವರು ಆಗ ಇನ್ನೂ ಶಾಲೆಗೇ ಸೇರಿರಲಿಲ್ಲ. ನಿಮ್ಮ ಅಕ್ಕ, ಅಣ್ಣಂದಿರನ್ನು ಕೇಳಿ, ಹೇಳುತ್ತಾರೆ. ಆ ವರ್ಷದ ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲಿ ವಿದ್ಯಾಗಮ ಎಂಬ ಕಾರ್ಯಕ್ರಮ ಆರಂಭವಾಯಿತು. ಮಕ್ಕಳು ಶಾಲೆಗೆ ಬರುವ ಬದಲು ಶಿಕ್ಷಕರೇ ಮಕ್ಕಳಿರುವ ಕಡೆಗೆ ಹೋಗುತ್ತಿದ್ದೆವು. ಅರಳಿಕಟ್ಟೆ, ಗುಡಿಯ ಜಗಲಿ, ಯಾರದೋ ಮನೆಯ ಅಂಗಳ, ಇವೇ ನಮ್ಮ ತರಗತಿ ಕೋಣೆಗಳಾದವು.

ಆಗ ಏಳನೆಯ ತರಗತಿಯವರಿಗೆ ನಾನೊಂದು ಕೆಲಸ ಕೊಟ್ಟೆ. ಫೋನಿನಲ್ಲಿರುವ ಲೋಲಕದ ಉದ್ದವನ್ನು 25 ಸೆಂಟಿಮೀಟರಿಗೆ ಇಟ್ಟು, 10 ಆಂದೋಲನಗಳಿಗೆ ಎಷ್ಟು ಸಮಯ ಹಿಡಿಯುತ್ತದೆ ಎಂದು ಬರೆದುಕೊಳ್ಳಬೇಕು. ಆಮೇಲೆ ಮನೆಯಲ್ಲಿ ಅಷ್ಟೇ ಉದ್ದದ ಲೋಲಕ ಕಟ್ಟಿ ಅದರ ಸಮಯವನ್ನೂ ಬರೆಯಬೇಕು. ಫೋನಿಲ್ಲದವರು ಫೋನಿರುವವರ ಜೊತೆ ಸೇರಿಕೊಂಡರು.

ಒಬ್ಬ ಹುಡುಗಿಯ ತಂದೆ ಗಾರೆ ಕೆಲಸದವರು. ಮನೆಗೆ ಇದ್ದುದು ಅವರದೊಂದೇ ಫೋನು. ಬೆಳಿಗ್ಗೆ ಅವರ ಜೊತೆ ಹೋದರೆ ರಾತ್ರಿ ಏಳರ ಮೇಲೆಯೇ ಮನೆಗೆ ಬರುತ್ತಿತ್ತು. ಅಪ್ಪ ಊಟ ಮಾಡಿ ಮಲಗುವವರೆಗಿನ ಸಮಯದಲ್ಲಿ ಅಣ್ಣನ ಪಾಠ ಮುಗಿಯಬೇಕು, ಆಮೇಲೆ ಇವಳ ಸರದಿ. ಎರಡು ದಿನ ಬಿಟ್ಟು ಅವಳ ಪುಸ್ತಕ ನೋಡಿದೆ. ದುಂಡಾದ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ಫೋನಿನಲ್ಲಿ 10.0 ಸೆಕೆಂಡು, ಮನೆಯಲ್ಲಿ 10.0 ಸೆಕೆಂಡು.

ಎರಡನೆಯ ಅಂಕಿಯ ಕೆಳಗೆ ಕಾಗದ ತೆಳುವಾಗಿತ್ತು. ರಬ್ಬರಿನಿಂದ ಉಜ್ಜಿದ ಗುರುತು. ಬೆಳಕಿಗೆ ಹಿಡಿದರೆ ಹಳೆಯ ಅಂಕಿ ಕಾಣುತ್ತಿತ್ತು: 10.7.

"ಇದೇನಮ್ಮಾ, ಮೊದಲು ಬೇರೆ ಏನೋ ಬರೆದಿದ್ದೆಯಲ್ಲ?"

"ಅದು ತಪ್ಪಾಗಿತ್ತು ಸಾರ್. ಫೋನಲ್ಲಿ ಹತ್ತು ಅಂತ ಇತ್ತು. ಅದಕ್ಕೇ ಸರಿ ಮಾಡ್ದೆ."

"ಎಷ್ಟು ಸಲ ಎಣಿಸಿದ್ದೆ?"

"ಐದು ಸಲ ಸಾರ್. ಐದು ಸಲಾನೂ ಅಷ್ಟೇ ಬಂತು."

ಐದು ಸಲ ಎಣಿಸಿ, ಐದು ಸಲವೂ ಒಂದೇ ಉತ್ತರ ಪಡೆದ ಹುಡುಗಿ ತನ್ನ ಉತ್ತರವನ್ನು ಅಳಿಸಿಬಿಟ್ಟಿದ್ದಳು! ಅವಳನ್ನು ಬೈಯುವಂತಿರಲಿಲ್ಲ. ತಪ್ಪು ನನ್ನದು. ಎರಡು ಅಂಕಿಗಳು ಬೇರೆ ಬೇರೆ ಬಂದರೆ ಏನು ಮಾಡಬೇಕು ಎಂದು ನಾನು ಹೇಳಿಯೇ ಇರಲಿಲ್ಲ. ಅದನ್ನು ಈಗ ಹೇಳುತ್ತೇನೆ. ಮೊದಲು ಫೋನಿನ ಲೋಲಕದ ಪರಿಚಯವಾಗಲಿ.

ಫೋನಿನೊಳಗಿನ ಪ್ರಯೋಗಶಾಲೆ

ಈ ಲೋಲಕ ಇರುವ ಜಾಲತಾಣದ ಹೆಸರು ಫೆಟ್. ಇದನ್ನು ನಡೆಸುತ್ತಿರುವುದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯ, ಬೋಲ್ಡರ್ ಎಂಬ ಊರಿನಲ್ಲಿ. 2002ರಲ್ಲಿ ಇದನ್ನು ಆರಂಭಿಸಿದವರು ಕಾರ್ಲ್ ವೀಮನ್ ಎಂಬ ಭೌತವಿಜ್ಞಾನಿ. ಅದರ ಹಿಂದಿನ ವರ್ಷವಷ್ಟೇ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಬಂದಿತ್ತು. ಯಾವ ಕೆಲಸಕ್ಕೆ ಗೊತ್ತೇ? ನಮ್ಮ ದೇಶದ ಸತ್ಯೇಂದ್ರನಾಥ ಬೋಸ್ ಮತ್ತು ಐನ್‌ಸ್ಟೈನ್ 1920ರ ದಶಕದಲ್ಲಿ ಲೆಕ್ಕಾಚಾರದ ಮೂಲಕ ಮುಂದಾಗಿ ಹೇಳಿದ್ದ ವಸ್ತುವಿನ ಒಂದು ವಿಚಿತ್ರ ಸ್ಥಿತಿಯನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದ್ದಕ್ಕೆ. ಅಷ್ಟು ದೊಡ್ಡ ವಿಜ್ಞಾನಿ ಆಮೇಲೆ ಮಕ್ಕಳಿಗೆ ಪಾಠ ಹೇಳುವುದು ಹೇಗೆ ಎಂಬುದರ ಹಿಂದೆ ಬಿದ್ದರು. ನನಗಂತೂ ಇದು ಬಹಳ ಇಷ್ಟವಾದ ಸಂಗತಿ.

ಫೆಟ್‌ನಲ್ಲಿ ನೂರೈವತ್ತಕ್ಕೂ ಹೆಚ್ಚು ಆಟದಂಥ ಪ್ರಯೋಗಗಳಿವೆ. ತಕ್ಕಡಿ, ವಿದ್ಯುತ್ ಮಂಡಲ, ಭಿನ್ನರಾಶಿ, ಕಾಂತ, ನೀರು ಮಂಜುಗಡ್ಡೆಯಾಗುವುದು, ಹೀಗೆ ಹಲವು ಬಗೆ. ಮೊದಮೊದಲು ಇವು ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತಿದ್ದವು. ಈಗ ಬಹುಪಾಲು ಪ್ರಯೋಗಗಳು ಸಾಧಾರಣ ಸ್ಮಾರ್ಟ್‌ಫೋನಿನಲ್ಲೂ ನಡೆಯುತ್ತವೆ. ಕೆಲವು ಕನ್ನಡದಲ್ಲೂ ಇವೆ. ಕನ್ನಡದಲ್ಲಿ ಸಿಗದಿದ್ದರೂ ಹೆದರಬೇಡಿ. ಅಲ್ಲಿ ಓದುವುದು ಕಡಿಮೆ, ಎಳೆಯುವುದು ತಳ್ಳುವುದು ಹೆಚ್ಚು. ಹುಡುಕುವ ಜಾಗದಲ್ಲಿ ಮೈಕಿನ ಚಿತ್ರವನ್ನು ಒತ್ತಿ "ಫೆಟ್ ಪೆಂಡುಲಮ್ ಲ್ಯಾಬ್" ಎಂದು ಹೇಳಿದರೆ ಸಾಕು, ಲೋಲಕ ಬರುತ್ತದೆ.

ಪರದೆಯ ಮೇಲೆ ನೇತಾಡುವ ಒಂದು ಗುಂಡು ಕಾಣುತ್ತದೆ. ಪಕ್ಕದಲ್ಲಿ ಜಾರುಗುಂಡಿಗಳಿವೆ. ಒಂದನ್ನು ಜಾರಿಸಿದರೆ ದಾರದ ಉದ್ದ ಬದಲಾಗುತ್ತದೆ, 10 ಸೆಂಟಿಮೀಟರಿನಿಂದ 1 ಮೀಟರಿನವರೆಗೆ. ಉದ್ದವನ್ನು ಅಲ್ಲಿ ಮೀಟರಿನಲ್ಲಿ ಬರೆದಿರುತ್ತಾರೆ. 0.25 ಎಂದಿದ್ದರೆ 25 ಸೆಂಟಿಮೀಟರ್ ಎಂದು ತಿಳಿಯಿರಿ. ಇನ್ನೊಂದನ್ನು ಜಾರಿಸಿದರೆ ಗುಂಡು ಭಾರವಾಗುತ್ತದೆ ಅಥವಾ ಹಗುರವಾಗುತ್ತದೆ. ಮತ್ತೊಂದು ಘರ್ಷಣೆಗೆ. ಸಮಯ ಅಳೆಯಲು ನಿಲುಗಡಿಯಾರವೂ ಅಲ್ಲೇ ಇದೆ. ಇನ್ನೂ ಒಂದು ಮಜಾ ಇದೆ. ಲೋಲಕವನ್ನು ಭೂಮಿಯಿಂದ ಚಂದ್ರನಿಗೂ ಗುರುಗ್ರಹಕ್ಕೂ ಒಯ್ಯಬಹುದು! ಅದು ಆಮೇಲೆ.

ಮಾಡಿ ನೋಡಿ

ಬೇಕಾದ ಸಾಮಗ್ರಿ: ಹೂ ಕಟ್ಟುವ ಗಟ್ಟಿ ದಾರ, ದುಂಡನೆಯ ಕಲ್ಲು, ಅಳತೆಪಟ್ಟಿ ಅಥವಾ ದರ್ಜಿಯ ಟೇಪು, ಸೆಕೆಂಡಿನ ಮುಳ್ಳಿರುವ ಗಡಿಯಾರ ಅಥವಾ ಫೋನಿನ ನಿಲುಗಡಿಯಾರ, ಪೆನ್ಸಿಲ್, ಪುಸ್ತಕ. ಜೊತೆಗೆ ಒಬ್ಬ ಗೆಳೆಯ ಅಥವಾ ಗೆಳತಿ. ಒಬ್ಬರು ಎಣಿಸಬೇಕು, ಇನ್ನೊಬ್ಬರು ಗಡಿಯಾರ ನೋಡಬೇಕು.

ಆರಂಭಿಸುವ ಮೊದಲು ಒಂದು ಕೆಲಸ ಮಾಡಿ. ಏನಾಗಬಹುದು ಎಂದು ಊಹಿಸಿ ಬರೆದಿಡಿ. ದಾರ ಉದ್ದವಾದರೆ ಲೋಲಕ ಬೇಗ ತೂಗುತ್ತದೆಯೋ, ನಿಧಾನವಾಗಿಯೋ? ಗುಂಡು ಭಾರವಾದರೆ? ಜಾಸ್ತಿ ಎಳೆದು ಬಿಟ್ಟರೆ? ಊಹೆ ತಪ್ಪಾದರೆ ನಾಚಿಕೆಯೇನಿಲ್ಲ. ಊಹಿಸದೆ ಫೋನು ತೆರೆದರೆ ಮಾತ್ರ ಅರ್ಧ ಆಟವೇ ಹೋಯಿತು. ಉತ್ತರ ಕಂಡ ಮೇಲೆ ಎಲ್ಲರೂ "ನಾನೂ ಹಾಗೇ ಅಂದುಕೊಂಡಿದ್ದೆ" ಎನ್ನುವವರೇ!

ಮೊದಲು ಉದ್ದ. ಲೋಲಕವನ್ನು 25 ಸೆಂಟಿಮೀಟರ್ ಉದ್ದಕ್ಕೆ ಕಟ್ಟಿ. ಗುಂಡನ್ನು ಸ್ವಲ್ಪವೇ, ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಎಳೆದು ಮೆಲ್ಲನೆ ಬಿಡಿ. ತಳ್ಳಬಾರದು. 10 ಆಂದೋಲನಗಳ ಸಮಯ ಬರೆದುಕೊಳ್ಳಿ. ಒಂದೇ ಆಂದೋಲನ ಅಳೆದರೆ ಸಾಲದೇ ಎಂದು ಕೇಳಬಹುದು. ಸಾಲದು. ಗಡಿಯಾರದ ಗುಂಡಿ ಒತ್ತುವಾಗ ಹೆಬ್ಬೆರಳು ಸ್ವಲ್ಪ ಹಿಂದೆಮುಂದೆ ಆಗಿಯೇ ಆಗುತ್ತದೆ. ಹತ್ತನ್ನು ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿದರೆ ಆ ತಪ್ಪೂ ಹತ್ತು ಪಾಲಾಗಿ ಸಣ್ಣದಾಗುತ್ತದೆ. ಗೋಡೆ ಗಡಿಯಾರವಷ್ಟೇ ಇದ್ದರೆ 50 ಆಂದೋಲನ ಎಣಿಸಿ.

ಈಗ ದಾರವನ್ನು ಉದ್ದ ಮಾಡಿ. ಆಂದೋಲನಾವಧಿ ಎರಡರಷ್ಟಾಗಬೇಕಾದರೆ ಉದ್ದವೂ ಎರಡರಷ್ಟಾಗಬೇಕು, ಅಂದರೆ 50 ಸೆಂಟಿಮೀಟರ್ ಎಂದು ಹೆಚ್ಚಿನವರು ಊಹಿಸುತ್ತಾರೆ. ನಮ್ಮ ತರಗತಿಯಲ್ಲಿ ಎಲ್ಲರೂ ಹಾಗೇ ಹೇಳಿದ್ದರು. ಅಳೆದಾಗ ಬಂದದ್ದು ಇಷ್ಟು:

25 ಸೆಂಟಿಮೀಟರ್ ಉದ್ದಕ್ಕೆ, 10 ಆಂದೋಲನಗಳು, ಸುಮಾರು 10 ಸೆಕೆಂಡು.
50 ಸೆಂಟಿಮೀಟರ್ ಉದ್ದಕ್ಕೆ, ಸುಮಾರು 14 ಸೆಕೆಂಡು.
100 ಸೆಂಟಿಮೀಟರ್ ಉದ್ದಕ್ಕೆ, ಸುಮಾರು 20 ಸೆಕೆಂಡು.

ನೋಡಿದಿರಾ? ಸಮಯ ಎರಡರಷ್ಟಾಗಲು ಉದ್ದ ನಾಲ್ಕರಷ್ಟಾಗಬೇಕಾಯಿತು. ಹಾಗಾದರೆ ಸಮಯ ಮೂರರಷ್ಟಾಗಲು ಉದ್ದ ಎಷ್ಟಿರಬೇಕು? 2ಕ್ಕೆ 4 ಆದರೆ 3ಕ್ಕೆ ಎಷ್ಟು? ಹೊಳೆದರೆ ಅಷ್ಟು ಉದ್ದದ ದಾರವನ್ನು ಕಟ್ಟಿ ಪರೀಕ್ಷಿಸಿ. ಇದು ಫೋನಿನಲ್ಲಿ ಆಗದು, ಅಲ್ಲಿ ದಾರ 1 ಮೀಟರಿಗೇ ಮುಗಿಯುತ್ತದೆ. ನಿಮಗೆ ಎತ್ತರದ ಜಂತಿಯೋ ಮರದ ಕೊಂಬೆಯೋ ಬೇಕು. ದೊಡ್ಡವರ ನೆರವು ಪಡೆಯಿರಿ.

ಇನ್ನು ಭಾರ. ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಗುಂಡಾಗಿ ಮಾಡಿಕೊಳ್ಳಿ. ಒಮ್ಮೆ ಅದರ ತುಂಬ ಮರಳು ತುಂಬಿ. ಇನ್ನೊಮ್ಮೆ ಅದರ ತುಂಬ ಮಂಡಕ್ಕಿ ತುಂಬಿ. ದಾರ ಅದೇ, ಡಬ್ಬಿ ಅದೇ. ಭಾರದಲ್ಲಿ ಮಾತ್ರ ಅಜಗಜಾಂತರ. ಎರಡರ ಸಮಯವನ್ನೂ ಅಳೆಯಿರಿ. ಒಂದೇ ಬರುತ್ತದೆ! ನಂಬಿಕೆ ಬಾರದಿದ್ದರೆ ಮತ್ತೆ ಅಳೆಯಿರಿ. ಮಂಡಕ್ಕಿಯ ಡಬ್ಬಿ ಬೇಗ ನಿಂತುಹೋಗುವುದು ನಿಜ, ಗಾಳಿ ಅದನ್ನು ಸುಲಭವಾಗಿ ತಡೆಯುತ್ತದೆ. ಆದರೆ ತೂಗಾಡುತ್ತಿರುವಷ್ಟು ಹೊತ್ತು ಮರಳಿನ ಡಬ್ಬಿಯ ಲಯದಲ್ಲೇ ತೂಗುತ್ತದೆ.

ಕೊನೆಯದು ಎಳೆತ. ಗೆಲಿಲಿಯೊ ಎಂಬ ಇಟಲಿಯ ವಿಜ್ಞಾನಿಯ ಹೆಸರು ಕೇಳಿದ್ದೀರಿ. ಪೀಸಾ ನಗರದ ಚರ್ಚಿನಲ್ಲಿ ತೂಗಾಡುತ್ತಿದ್ದ ದೀಪವನ್ನು ಕಂಡು, ತನ್ನ ನಾಡಿಬಡಿತವನ್ನೇ ಗಡಿಯಾರ ಮಾಡಿಕೊಂಡು ಅದರ ಆಂದೋಲನಗಳನ್ನು ಎಣಿಸಿದ ಎಂಬ ಕತೆಯಿದೆ. ಲೋಲಕ ಹೆಚ್ಚು ತೂಗಲಿ, ಕಡಿಮೆ ತೂಗಲಿ, ಆಂದೋಲನಾವಧಿ ಒಂದೇ ಎಂದು ಗೆಲಿಲಿಯೊ ನಂಬಿದ್ದ. ಸಣ್ಣ ಎಳೆತಕ್ಕೆ ಅದು ಸರಿ. 1 ಮೀಟರ್ ಲೋಲಕವನ್ನು ನಾಲ್ಕು ಬೆರಳು ಎಳೆದರೂ ಎಂಟು ಬೆರಳು ಎಳೆದರೂ ನಿಮಗೆ ವ್ಯತ್ಯಾಸ ಸಿಗದು. ಆದರೆ ಬಹಳ ಮೇಲಕ್ಕೆ, ಕೋನಮಾಪಕದಲ್ಲಿ 60 ಡಿಗ್ರಿ ಬರುವಂತೆ ಎಳೆದು ಬಿಡಿ. 10 ಆಂದೋಲನಗಳಿಗೆ ಸುಮಾರು ಒಂದೂವರೆ ಸೆಕೆಂಡು ಜಾಸ್ತಿ ಹಿಡಿಯುತ್ತದೆ. ಗೆಲಿಲಿಯೊನಂಥವನೂ ಇಲ್ಲಿ ಪೂರ್ತಿ ಸರಿಯಿರಲಿಲ್ಲ. ಫೋನಿನ ಲೋಲಕದಲ್ಲೂ ಇದನ್ನು ನೋಡಬಹುದು. ಅದನ್ನು ಮಾಡಿದವರು ಇದನ್ನು ಮರೆಯದೆ ಸೇರಿಸಿದ್ದಾರೆ.

ಎರಡು ಅಂಕಿ ಬೇರೆ ಬಂದರೆ

ಈಗ ಆ 10.7ರ ವಿಷಯಕ್ಕೆ ಬರೋಣ. ಫೋನು 10.0 ಎನ್ನುತ್ತದೆ, ನಿಮ್ಮ ಲೋಲಕ 10.7 ಎನ್ನುತ್ತದೆ. ಯಾವುದು ತಪ್ಪು?

ಅಳಿಸುವ ಮೊದಲು ಪತ್ತೇದಾರರ ಹಾಗೆ ಹುಡುಕಬೇಕು. ಮೊದಲ ಅನುಮಾನ ಎಣಿಕೆಯ ಮೇಲೆ. ಗುಂಡನ್ನು ಬಿಡುವಾಗಲೇ "ಒಂದು" ಎಂದು ಎಣಿಸಿದರೆ, "ಹತ್ತು" ಎನ್ನುವ ಹೊತ್ತಿಗೆ ಒಂಬತ್ತೇ ಆಂದೋಲನ ಮುಗಿದಿರುತ್ತದೆ. ಆಗ 10ರ ಬದಲು 9 ಸೆಕೆಂಡು ಬರುತ್ತದೆ. ಬಿಡುವಾಗ "ಸೊನ್ನೆ" ಎನ್ನಬೇಕು. ಆದರೆ ಆ ಹುಡುಗಿಗೆ ಹೆಚ್ಚು ಬಂದಿತ್ತು, ಕಡಿಮೆ ಅಲ್ಲ. ಹಾಗಾಗಿ ಎಣಿಕೆಯ ತಪ್ಪಲ್ಲ.

ಎರಡನೆಯ ಅನುಮಾನ ಹೆಬ್ಬೆರಳಿನ ಮೇಲೆ. ಹೆಬ್ಬೆರಳಿನ ತಪ್ಪಾದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರಬೇಕಿತ್ತು. ಐದು ಸಲವೂ ಒಂದೇ ಕಡೆಗೆ, ಅಷ್ಟೇ ಅಂತರಕ್ಕೆ ತಪ್ಪುವುದಿಲ್ಲ. ಪದೇ ಪದೇ ಒಂದೇ ವ್ಯತ್ಯಾಸ ಬಂದರೆ ಅದಕ್ಕೊಂದು ಗಟ್ಟಿ ಕಾರಣ ಇರಬೇಕು.

ಮೂರನೆಯದು ಉದ್ದ. "ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆದೆ?" ಎಂದು ಕೇಳಿದೆ. "ಮೊಳೆಯಿಂದ ಗಂಟಿನವರೆಗೆ ಸಾರ್" ಎಂದಳು. ಕಲ್ಲನ್ನು ತರಿಸಿ ನೋಡಿದೆ. ಕಿತ್ತಳೆ ಹಣ್ಣಿನಷ್ಟು ದಪ್ಪ, ಅಳೆದರೆ 7 ಸೆಂಟಿಮೀಟರ್. ಉಳಿದದ್ದನ್ನು ನಾನು ಹೇಳಲಿಲ್ಲ. ಫೋನಿನ ಲೋಲಕದ ಪಕ್ಕದಲ್ಲೊಂದು ಅಳತೆಪಟ್ಟಿ ಇದೆಯಲ್ಲ, ಅದನ್ನು ಎಳೆದು ಅವರ ಲೋಲಕದ ಉದ್ದ ಎಲ್ಲಿಯವರೆಗೆ ಎಂದು ನೋಡಿಕೊಂಡು ಬಾ ಎಂದೆ.

ನೀವೂ ನೋಡಿ. ಅಲ್ಲಿ ಉದ್ದ ಎಂದರೆ ದಾರದ ತುದಿಯವರೆಗಲ್ಲ, ಗುಂಡಿನ ನಡುವಿನವರೆಗೆ. ಲೋಲಕದ ಉದ್ದವನ್ನು ತೂಗುಬಿಟ್ಟ ಬಿಂದುವಿನಿಂದ ಗುಂಡಿನ ಕೇಂದ್ರದವರೆಗೆ ಅಳೆಯಬೇಕು ಎಂಬುದು ಪಾಠಪುಸ್ತಕಗಳಲ್ಲೂ ಇರುವ ಮಾತೇ. ಆದರೆ ಅದು ಏಕೆ ಮುಖ್ಯ ಎಂದು ಓದುವಾಗ ಹೊಳೆಯುವುದಿಲ್ಲ. 7 ಸೆಂಟಿಮೀಟರ್ ಕಲ್ಲಿನ ನಡು ಗಂಟಿನಿಂದ ಮೂರೂವರೆ ಸೆಂಟಿಮೀಟರ್ ಕೆಳಗಿತ್ತು. ಅಂದರೆ ಅವಳ ಲೋಲಕದ ನಿಜವಾದ ಉದ್ದ 25 ಅಲ್ಲ, 28.5 ಸೆಂಟಿಮೀಟರ್. ಅಷ್ಟು ಉದ್ದದ ಲೋಲಕಕ್ಕೆ 10 ಆಂದೋಲನಗಳಿಗೆ ಬರಬೇಕಾದ ಸಮಯ ಎಷ್ಟು ಗೊತ್ತೇ? ಸರಿಯಾಗಿ 10.7 ಸೆಕೆಂಡು!

ಫೋನು ತಪ್ಪು ಹೇಳಿರಲಿಲ್ಲ. ಅವಳ ಎಣಿಕೆಯೂ ತಪ್ಪಿರಲಿಲ್ಲ. ಅವಳು ಅಳಿಸಿದ್ದು ಇಡೀ ಪುಟದಲ್ಲಿ ಅತ್ಯಂತ ಬೆಲೆಬಾಳುವ ಅಂಕಿಯನ್ನು. ಅದು ಉಳಿಯದಿದ್ದರೆ ಗುಂಡಿನ ನಡುವಿನ ಸಂಗತಿ ನಮಗೆ ಯಾರಿಗೂ ಹೊಳೆಯುತ್ತಿರಲಿಲ್ಲ.

ಮರುದಿನ ಅವಳು ಕಲ್ಲಿನ ಬದಲು ಅಪ್ಪನ ತೂಗುಗುಂಡು ತಂದಿದ್ದಳು. ಗೋಡೆ ನೆಟ್ಟಗೆ ಎದ್ದಿದೆಯೇ ಎಂದು ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಅದು. ಇಷ್ಟು ದಿನ ಮನೆಯ ಮೂಲೆಯಲ್ಲೇ ಇದ್ದ ಲೋಲಕ! ನಡುವಿನವರೆಗೆ ಅಳೆದು, 25 ಸೆಂಟಿಮೀಟರಿಗೆ ಕಟ್ಟಿ ಎಣಿಸಿದಾಗ 10.1 ಬಂತು. ಈ ಸಲ ಅದನ್ನು ಅಳಿಸಿ 10.0 ಮಾಡಲಿಲ್ಲ.

ಮನೆಯಲ್ಲಿ ಆಗದ್ದು

ಹಾಗಾದರೆ ಫೋನು ಬೇಡವೇ, ದಾರ ಕಲ್ಲು ಇದ್ದರೆ ಸಾಕೇ? ಅಲ್ಲ. ನಮ್ಮಿಂದ ಆಗದ ಕೆಲವನ್ನು ಅದು ಮಾಡುತ್ತದೆ. ಘರ್ಷಣೆಯ ಜಾರುಗುಂಡಿಯನ್ನು ಸೊನ್ನೆಗೆ ಎಳೆಯಿರಿ. ಲೋಲಕ ನಿಲ್ಲುವುದೇ ಇಲ್ಲ, ತೂಗುತ್ತಲೇ ಇರುತ್ತದೆ. ಗಾಳಿಯಿಲ್ಲದ, ಮೊಳೆಯ ಉಜ್ಜಾಟವಿಲ್ಲದ ಲೋಕ ಅದು. ನಮ್ಮ ಮನೆಯಲ್ಲಿ ಅಂಥದ್ದು ಸಿಗದು.

ಇನ್ನು ಚಂದ್ರಯಾನ. ಚಂದ್ರನ ಗುರುತ್ವ ಭೂಮಿಯದರ ಸುಮಾರು ಆರನೆಯ ಒಂದು ಭಾಗ. ಅಲ್ಲಿ 1 ಮೀಟರ್ ಲೋಲಕ ಒಂದು ಸಲ ತೂಗಲು ಸುಮಾರು 4.9 ಸೆಕೆಂಡು ತೆಗೆದುಕೊಳ್ಳುತ್ತದೆ. ಇಲ್ಲಿ ಅದಕ್ಕೆ 2 ಸೆಕೆಂಡು ಸಾಕು. ಭಾರಿ ಗುರುತ್ವದ ಗುರುಗ್ರಹಕ್ಕೆ ಒಯ್ದರೆ ಸುಮಾರು 1.3 ಸೆಕೆಂಡಿಗೇ ಒಂದು ಸುತ್ತು ಮುಗಿಯುತ್ತದೆ. ಈ ಅಂಕಿಗಳನ್ನು ನನ್ನ ಮಾತಿನ ಮೇಲೆ ನಂಬಬೇಡಿ, ಫೋನಿನಲ್ಲಿ ಎಣಿಸಿ.

ಮರಳಿನ ಡಬ್ಬಿ ಮತ್ತು ಮಂಡಕ್ಕಿ ಡಬ್ಬಿಯ ವಿಷಯದಲ್ಲಿ ಇನ್ನೂ ಅನುಮಾನ ಇರುವವರಿಗೆ ಮತ್ತೊಂದು ಉಚಿತ ಸಾಮಗ್ರಿ ಇದೆ. 1971ರಲ್ಲಿ ಅಪೊಲೊ 15ರಲ್ಲಿ ಹೋದ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆ, ಒಂದು ಗರಿ ಎರಡನ್ನೂ ಒಟ್ಟಿಗೆ ಕೈಬಿಟ್ಟರು. ಗಾಳಿಯಿಲ್ಲದ ಕಾರಣ ಎರಡೂ ಒಟ್ಟಿಗೇ ನೆಲಕ್ಕೆ ಬಿದ್ದವು. ಆ ವಿಡಿಯೋವನ್ನು ನಾಸಾ ಸಂಸ್ಥೆ ಎಲ್ಲರೂ ನೋಡಲು ಬಿಟ್ಟಿದೆ. ಒಂದು ನಿಮಿಷದ ಕೆಲಸ. ಭಾರವಾದದ್ದು ಬೇಗ ಬೀಳಬೇಕು ಎಂದು ನಮ್ಮ ಮನಸ್ಸು ಹಠ ಹಿಡಿದಿರುತ್ತದಲ್ಲ, ಅದು ಅಲ್ಲಿ ಸಡಿಲವಾಗುತ್ತದೆ.

ಇನ್ನೂ ಕೆಲವು ಜಾಗಗಳು

ಲೋಲಕ ಮುಗಿದ ಮೇಲೆ ಎಲ್ಲಿಗೆ ಹೋಗಬಹುದು? ನನಗೆ ಮೊದಲು ನೆನಪಾಗುವುದು ಅರವಿಂದ ಗುಪ್ತಾ ಅವರ ಜಾಲತಾಣ. ಅವರು ಕಾನ್ಪುರದ ಐಐಟಿಯಲ್ಲಿ ಓದಿದ ಇಂಜಿನಿಯರ್. 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿ ಶಾಲೆಗಳಿಗೆ ವಿಜ್ಞಾನ ಕಲಿಸುವ ಕಾರ್ಯಕ್ರಮಕ್ಕೆ ಹೋದಾಗ, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡು ಮತ್ತು ಬೆಂಕಿಕಡ್ಡಿಗಳನ್ನು ಜೋಡಿಸಿ ತ್ರಿಕೋನ, ಚೌಕ, ಮನೆ ಕಟ್ಟುವ ಆಟ ಕಂಡುಹಿಡಿದರು. ತ್ರಿಕೋನ ಅಲುಗಾಡದು, ಚೌಕ ಓಲಾಡುತ್ತದೆ ಎಂಬುದು ಅದರಲ್ಲಿ ಬೆರಳಿಗೇ ತಿಳಿಯುತ್ತದೆ. ಮುಂದೆ ಪುಣೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಕಸದಿಂದ ನೂರಾರು ಆಟಿಕೆ ಮಾಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆಟಿಕೆ ಮಾಡುವ ವಿಡಿಯೋಗಳು, ಪುಸ್ತಕಗಳು ಎಲ್ಲವೂ ಉಚಿತ. ಕನ್ನಡದಲ್ಲೂ ಹಲವು ಇವೆ. ಈ ವಿಡಿಯೋಗಳು ಚಿಕ್ಕವು. ನೋಡಿ ಮುಗಿಸಿದ ಮೇಲೆ ಕೈಗೆ ಕೆಲಸ ಸಿಗುತ್ತದೆ. ಅದಕ್ಕೇ ನನಗೆ ಇವು ಮೆಚ್ಚು.

ನಿಮ್ಮ ಪಾಠಪುಸ್ತಕದಲ್ಲಿ ಪಾಠದ ಬಳಿ ಕಪ್ಪು ಬಿಳುಪು ಚೌಕಗಳ ಒಂದು ಗುರುತು ಇರುತ್ತದೆ. ಅದೇ ಕ್ಯೂಆರ್ ಕೋಡ್. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ದೀಕ್ಷಾ ಎಂಬ ಆ್ಯಪಿನಲ್ಲಿ ಆ ಗುರುತನ್ನು ತೋರಿಸಿದರೆ ಅದೇ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆಯುತ್ತದೆ. ಗಣಿತದಲ್ಲಿ ಹಿಂದೆ ಬಿದ್ದವರಿಗೆ ಖಾನ್ ಅಕಾಡೆಮಿ ಇದೆ. ಅಮೆರಿಕದಲ್ಲಿದ್ದ ಸಲ್ಮಾನ್ ಖಾನ್ (ಸಿನಿಮಾದವರಲ್ಲ!) 2004ರಲ್ಲಿ ದೂರದ ಊರಿನ ತಮ್ಮ ಚಿಕ್ಕ ಸಂಬಂಧಿ ಹುಡುಗಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಡಲು ಆರಂಭಿಸಿದ್ದು ಬೆಳೆದು ಹೀಗಾಯಿತು. ಅಲ್ಲಿ ಕನ್ನಡದ ಪಾಠಗಳೂ ಇವೆ. ಕತೆ ಓದಬೇಕೆನಿಸಿದರೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ನೋಡಿ. ವಿಜ್ಞಾನದ ಕತೆಗಳೂ ಅಲ್ಲಿ ಕನ್ನಡದಲ್ಲಿ ಸಿಗುತ್ತವೆ. ಆಕಾಶ ನೋಡುವವರಿಗೆ ಸ್ಟೆಲೇರಿಯಂ ಉಂಟು. ಈ ರಾತ್ರಿ ನಿಮ್ಮ ಊರಿನ ನೆತ್ತಿಯ ಮೇಲೆ ಯಾವ ನಕ್ಷತ್ರವಿದೆ ಎಂದು ಅದು ತೋರಿಸುತ್ತದೆ. ಹೊರಗೆ ಹೋಗಿ ತಲೆಯೆತ್ತಿ ನೋಡುವುದು ಮಾತ್ರ ನಿಮ್ಮ ಕೆಲಸ.

ಒಂದೇ ಫೋನಿರುವ ಮನೆಗೆ

ಅಪ್ಪ ಅಥವಾ ಅಮ್ಮ ಫೋನು ಕೊಡುವುದೇ ಅರ್ಧ ಗಂಟೆ. ಅದರಲ್ಲೂ ಅಣ್ಣ ತಮ್ಮ ಪಾಲು ಕೇಳುತ್ತಾರೆ. (ಪೋಷಕರಲ್ಲಿ ಒಂದು ಬಿನ್ನಹ: ಹುಡುಗಿಯ ಸರದಿ ಯಾವಾಗಲೂ ಕೊನೆಗೇ ಬಾರದಂತೆ ನೋಡಿಕೊಳ್ಳಿ. ಕೊನೆಯ ಸರದಿಗೆ ಫೋನಿನಲ್ಲಿ ಚಾರ್ಜೂ ಇರುವುದಿಲ್ಲ, ಡೇಟಾ ಕೂಡ ಇರುವುದಿಲ್ಲ.) ಅದಕ್ಕೆ ಹಗಲಿನಲ್ಲೇ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಡಿ. ಫೋನು ಕೈಗೆ ಬಂದಾಗ ನೇರವಾಗಿ ಆ ಪ್ರಶ್ನೆಗೆ ಹೋಗಿ. ಉದ್ದದ ವಿಡಿಯೋಗಳು ಡೇಟಾ ನುಂಗುತ್ತವೆ. ಫೆಟ್‌ನ ಲೋಲಕದಂಥವು ಒಮ್ಮೆ ತೆರೆದ ಮೇಲೆ ಹೆಚ್ಚು ಕೇಳುವುದಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಶಿಕ್ಷಕರು ಅವನ್ನು ಇಳಿಸಿಟ್ಟುಕೊಳ್ಳಬಹುದು, ಆಮೇಲೆ ಅಂತರ್ಜಾಲವೇ ಇಲ್ಲದೆ ನಡೆಯುತ್ತವೆ.

ಇಲ್ಲಿ ಹೇಳಿದ ಲೋಲಕವನ್ನು ಆಡಲು ಯಾವ ಹಣವೂ, ಯಾವ ಗುಟ್ಟಿನ ಸಂಖ್ಯೆಯೂ ಬೇಕಿಲ್ಲ. ಉಚಿತ ಎಂದು ಕರೆದು, ಆಮೇಲೆ ಬ್ಯಾಂಕಿನ ವಿವರವನ್ನೋ ಫೋನಿಗೆ ಬಂದ ಓಟಿಪಿಯನ್ನೋ ಕೇಳುವ ಜಾಗ ಸಿಕ್ಕರೆ ಏನನ್ನೂ ಒತ್ತದೆ ಫೋನನ್ನು ದೊಡ್ಡವರ ಕೈಗೆ ಕೊಡಿ.

ಫೋನೇ ಇಲ್ಲದ ಮನೆಯವರು ಬೇಸರಪಡಬೇಡಿ. ಈ ಲೇಖನದಲ್ಲಿ ಹೇಳಿದ ಉದ್ದ, ಭಾರ, ಎಳೆತದ ಪ್ರಯೋಗಗಳಿಗೆ ದಾರ, ಕಲ್ಲು, ಡಬ್ಬಿ, ಗಡಿಯಾರ ಸಾಕು. ಚಂದ್ರನ ಮೇಲಿನ ಲೋಲಕವನ್ನು ಶಾಲೆಯಲ್ಲಿ ಒಮ್ಮೆ ಎಲ್ಲರಿಗೂ ತೋರಿಸಿ ಎಂದು ನಿಮ್ಮ ಶಿಕ್ಷಕರನ್ನು ಕೇಳಿ.

ನಿಮಗೆರಡು ಪ್ರಶ್ನೆ

ಒಂದು: ಫೆಟ್‌ನ ಲೋಲಕವನ್ನು ಭೂಮಿ, ಚಂದ್ರ, ಗುರು ಅಲ್ಲದೆ "ಗ್ರಹ ಎಕ್ಸ್" ಎಂಬ ಹೆಸರಿಲ್ಲದ ಗ್ರಹಕ್ಕೂ ಒಯ್ಯಬಹುದು. ಅಲ್ಲಿಯ ಗುರುತ್ವ ಎಷ್ಟು ಎಂದು ಬರೆದಿಲ್ಲ. ಅದು ಭೂಮಿಗಿಂತ ಹೆಚ್ಚೋ, ಕಡಿಮೆಯೋ? ಗುರುಗ್ರಹಕ್ಕಿಂತ? ಎಣಿಸಿ ಹೇಳಿ. ಹೇಗೆ ಎಣಿಸಿದಿರಿ ಎಂಬುದನ್ನೂ ಬರೆಯಿರಿ.

ಎರಡು: ಇದಕ್ಕೆ ಫೋನು ಬೇಡ. ಪಂಚಮಿ ಹಬ್ಬಕ್ಕೆ ಮರಕ್ಕೆ ಕಟ್ಟುವ ಜೋಕಾಲಿಯೂ ಒಂದು ಲೋಲಕವೇ. ಅದರಲ್ಲಿ ಒಬ್ಬರು ಕುಳಿತಾಗಲೂ ಇಬ್ಬರು ಕುಳಿತಾಗಲೂ 10 ಆಂದೋಲನಗಳ ಸಮಯ ಅಳೆಯಿರಿ. ಆಮೇಲೆ ಒಬ್ಬರೇ ಹಲಗೆಯ ಮೇಲೆ ನೆಟ್ಟಗೆ ನಿಂತು, ಮೈ ಬಗ್ಗಿಸದೆ ತೂಗಿಕೊಂಡಾಗ ಅಳೆಯಿರಿ. ಒಂದರಲ್ಲಿ ಸಮಯ ಬದಲಾಗುವುದಿಲ್ಲ, ಇನ್ನೊಂದರಲ್ಲಿ ಬದಲಾಗುತ್ತದೆ. ಯಾವುದರಲ್ಲಿ, ಏಕೆ? ಗುಂಡಿನ ನಡು ಎಲ್ಲಿದೆ ಎಂದು ಯೋಚಿಸಿ. ಬಂದ ಅಂಕಿಯನ್ನು ಪೆನ್ನಿನಲ್ಲೇ ಬರೆಯಿರಿ.